ತಪ್ಪೊಪ್ಪಿಗೆ ಕನ್ನಡದಲ್ಲಿ, ಕ್ಷಮೆ ಲ್ಯಾಟಿನ್‌ನಲ್ಲಿ

ವಿಜಯಪುರ ಜಿಲ್ಲೆಯ ನಿಡಗುಂದಿಯಿಂದ ಮುದ್ದೇಬಿಹಾಳದ ಹಾದಿ ಹಿಡಿದು ಇನ್ನಷ್ಟು ಮುಂದೆ ಹೋದರೆ ಮುದಗಲ್. ಕೋಟೆಗೂ ಮೊಹರಂಗೂ ಹೆಸರಾದ ಈ ಊರಲ್ಲಿ ಒಂದು ಹಳೆಯ ಕಥೋಲಿಕ ಚರ್ಚ್ ಇದೆ. 1557ಕ್ಕೂ ಮೊದಲೇ ಜೆಸ್ವಿತ್ ಪಾದ್ರಿಗಳು ಕಟ್ಟಿಸಿದರೆಂದು ಹೇಳಿಕೆ. ತಾಳಿಕೋಟೆಯ ಕಾಳಗ ನಡೆದದ್ದು 1565ರಲ್ಲಿ. ಈ ಸೀಮೆಯಲ್ಲಿ ಯೇಸುವಿನ ಹೆಸರು ಅಷ್ಟು ಹಳೆಯದು.

ಆಗ ಪೂಜೆಯ ಭಾಷೆ ಲ್ಯಾಟಿನ್. ಮುಂದೆ ಕುಳಿತ ಒಕ್ಕಲು ಮಕ್ಕಳಿಗೆ ಅದು ತಿಳಿಯುವ ಮಾತಲ್ಲ. ಆದರೆ ಮಾಡಿದ ತಪ್ಪನ್ನು ಗುರುಗಳ ಕಿವಿಯಲ್ಲಿ ಹೇಳಿಕೊಳ್ಳುವ ಪಾಪನಿವೇದನೆಗೆ ಮನೆಮಾತೇ ಬೇಕು, ಕೇಳುವ ಪಾದ್ರಿಗೂ ಅದು ಬರಬೇಕು. 17ನೇ ಶತಮಾನದಲ್ಲಿ ಮೈಸೂರು ಸೀಮೆಗೆ ಬಂದ ಇಟಲಿಯ ಜೆಸ್ವಿತ್ ಲಿಯೊನಾರ್ಡೊ ಚಿನ್ನಾಮಿ ಕನ್ನಡ ಕಲಿತು ವ್ಯಾಕರಣವನ್ನೂ ಧರ್ಮೋಪದೇಶದ ಪುಸ್ತಕವನ್ನೂ ಬರೆದ. ಹೀಗೆ ಬೈಬಲ್ ಅಚ್ಚಾಗುವ ಮೊದಲೇ ಪಶ್ಚಾತ್ತಾಪ ಬಾಯಿಮಾತಾಗಿ ಕನ್ನಡಕ್ಕೆ ಬಂತು. ನಿವೇದನೆ ಮುಗಿದ ಮೇಲೆ ಪಾದ್ರಿ ಉಚ್ಚರಿಸುವ ಕ್ಷಮೆಯ ವಾಕ್ಯ ಮಾತ್ರ ಲ್ಯಾಟಿನ್ನಿನಲ್ಲೇ ಉಳಿಯಿತು.

ಕನ್ನಡ ಬೈಬಲ್ ಬಂದದ್ದು ಬಳ್ಳಾರಿಯಿಂದ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದು ನೆಲೆಸಿ, ಕನ್ನಡ ಕಲಿಯುತ್ತಲೇ ಅನುವಾದಕ್ಕೆ ಕೈ ಹಾಕಿದ. ಅತ್ತ ಬಂಗಾಳದ ಶ್ರೀರಾಮಪುರದಲ್ಲಿ ವಿಲಿಯಂ ಕೇರಿ ಸಿದ್ಧಪಡಿಸಿದ್ದ ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿ 1812ರ ಮಾರ್ಚ್‌ನಲ್ಲಿ ಅಚ್ಚುಕೂಟಕ್ಕೆ ಬಿದ್ದ ಬೆಂಕಿಯಲ್ಲಿ ಸುಟ್ಟುಹೋಯಿತು. ಕೇರಿ ಮತ್ತೆ ಮೊದಲಿನಿಂದ ಕುಳಿತ, 1823ರಲ್ಲಿ ಅಚ್ಚು ಹಾಕಿಸಿದ. ಹ್ಯಾಂಡ್ಸ್ ಮತ್ತು ಸಂಗಡಿಗರ ಇಡೀ ಬೈಬಲ್ ಹೊರಬಂದದ್ದು 1831ರ ಸುಮಾರಿಗೆ. ಎರಡು ದಶಕದ ದುಡಿಮೆ.

ಆ ಪುಸ್ತಕದಲ್ಲಿ ಕ್ಷಮೆಯ ಮಾತು ಒಂದೆರಡು ಕಡೆ ಅಲ್ಲ. ಪರಸ್ತ್ರೀಯನ್ನು ಬಯಸಿ ಅವಳ ಗಂಡನನ್ನು ಕೊಲ್ಲಿಸಿದ ದೊರೆ ದಾವೀದ, ಪ್ರವಾದಿ ನಾತಾನನ ಮುಂದೆ ಕುಸಿಯುತ್ತಾನೆ. 51ನೇ ಕೀರ್ತನೆ ಆ ಗಳಿಗೆಯದೆಂದು ಪರಂಪರೆ ಹೇಳುತ್ತದೆ. ಗುರುವನ್ನು ಅರಿಯೆನೆಂದು ಮೂರು ಸಲ ಹೇಳಿದ ಪೇತ್ರ ಕೋಳಿ ಕೂಗಿದಾಗ ಬಿಕ್ಕಿ ಅಳುತ್ತಾನೆ. ಆದರೆ ಜನರ ಮನಸ್ಸಿನಲ್ಲಿ ಆಳವಾಗಿ ನಿಂತದ್ದು ಲೂಕನ 15ನೇ ಅಧ್ಯಾಯದ ದುಂದುಗಾರ ಮಗನ ಕಥೆ.

ಹೊಲಮನೆ ಇದ್ದ ಊರುಗಳಿಗೆ ಅದು ಪರಕೀಯ ಕಥೆಯಾಗಿರಲು ಸಾಧ್ಯವೇ ಇಲ್ಲ. ಅಪ್ಪ ಬದುಕಿರುವಾಗಲೇ ಕಿರಿಯ ಮಗ ಪಾಲು ಕೇಳುತ್ತಾನೆ, ದೂರದೇಶದಲ್ಲಿ ಎಲ್ಲ ಕಳೆಯುತ್ತಾನೆ. ಬರ ಬೀಳುತ್ತದೆ, ಹಂದಿ ಕಾಯುವ ಗತಿ ಬರುತ್ತದೆ. ಹಸಿವಿನಲ್ಲಿ ಅವನು ಒಂದು ಮಾತು ಹೊಂದಿಸಿಕೊಳ್ಳುತ್ತಾನೆ: ಪಾಪ ಮಾಡಿದೆ, ಮಗನೆನಿಸಿಕೊಳ್ಳಲು ಯೋಗ್ಯನಲ್ಲ, ಆಳಾಗಿ ಇಟ್ಟುಕೋ. ಅವನು ಇನ್ನೂ ದೂರದಲ್ಲಿರುವಾಗಲೇ ಅಪ್ಪ ಕಂಡು, ಓಡಿ ಬಂದು, ಕೊರಳಪ್ಪಿ ಮುದ್ದಿಡುತ್ತಾನೆ. ಆಮೇಲೆ ಮಗ ಬಾಯಿ ತೆರೆಯುತ್ತಾನೆ. ಮೊದಲೆರಡು ಮಾತು ಮುಗಿಯುತ್ತವೆ. ಆಳಾಗಿ ಇಟ್ಟುಕೋ ಎನ್ನುವ ಮೂರನೆಯ ಮಾತು ಬರುವಷ್ಟರಲ್ಲಿ ಅಪ್ಪ ಹೊಸ ಬಟ್ಟೆ, ಉಂಗುರ, ಮೆಟ್ಟು ತರಲು ಆಳುಗಳಿಗೆ ಹೇಳಿಯಾಗಿರುತ್ತದೆ. ಕ್ರೈಸ್ತ ನಂಬಿಕೆಯ ತಿರುಳು ಈ ಅವಸರದಲ್ಲಿದೆ. ಹೊಲದಲ್ಲಿ ದುಡಿದು ಬಂದ ಹಿರಿಯ ಮಗನ ಸಿಟ್ಟನ್ನೂ ಲೂಕ ಮುಚ್ಚಿಡುವುದಿಲ್ಲ. ಅವನು ಕೊನೆಗೆ ಮನೆಯೊಳಗೆ ಹೋದನೇ? ಕಥೆ ಹೇಳುವುದಿಲ್ಲ.

ಈ ಕಥೆಯನ್ನು ಹಳ್ಳಿಗಳಿಗೆ ಒಯ್ದವರಲ್ಲಿ ಬಾಸೆಲ್ ಮಿಷನ್ನಿನವರು ಮುಖ್ಯರು. 1834ರಲ್ಲಿ ಮಂಗಳೂರು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ನೇಕಾರರ ಗುಳೇದಗುಡ್ಡ, 1885ರಲ್ಲಿ ವಿಜಯಪುರ. ನಿಡಗುಂದಿಯ ದಕ್ಷಿಣಕ್ಕೂ ಉತ್ತರಕ್ಕೂ ಅವರ ಠಾಣೆಗಳು ಎದ್ದವು. ಇಲ್ಲಿಯ ಜನಕ್ಕೆ ದೇವರೆದುರು ತಪ್ಪು ಒಪ್ಪಿಕೊಳ್ಳುವುದನ್ನು ಹೊಸದಾಗಿ ಕಲಿಸಬೇಕಿರಲಿಲ್ಲ. ಬಾಗೇವಾಡಿಯ ಬಸವಣ್ಣ ಏಳು ಶತಮಾನಗಳ ಹಿಂದೆಯೇ ಕೂಡಲಸಂಗಮನ ಮುಂದೆ ತನ್ನನ್ನೇ ಕಟುವಾಗಿ ಜರೆದುಕೊಂಡಿದ್ದ. ದಾಸರೂ ತಮ್ಮ ಹಾಡುಗಳಲ್ಲಿ ಮೊರೆಯಿಟ್ಟಿದ್ದರು. ಮಿಷನರಿಗಳಲ್ಲಿ ಸೂಕ್ಷ್ಮ ಕಿವಿಯವರು ಇದನ್ನು ಕೇಳಿಸಿಕೊಂಡರು. ಹರ್ಮನ್ ಮೋಗ್ಲಿಂಗ್ 1850ರಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದ. ವ್ಯೂರ್ಥ್ ಬಸವಪುರಾಣವನ್ನು ಇಂಗ್ಲಿಷಿಗೆ ತಂದ.

ಅವರಲ್ಲಿ ಎಲ್ಲರಿಗಿಂತ ಮುಂದೆ ಹೋದವನು ಫರ್ಡಿನೆಂಡ್ ಕಿಟೆಲ್. 1853ರಲ್ಲಿ ಬಂದವನು 1862ರಲ್ಲಿ 'ಕಥಾಮಾಲೆ' ಪ್ರಕಟಿಸಿದ: ಯೇಸುವಿನ ಬದುಕು, ಕನ್ನಡದ ಛಂದಸ್ಸಿನಲ್ಲಿ. ನಿಘಂಟು ಬಂದದ್ದು 1894ರಲ್ಲಿ; ಜನ ಅವನನ್ನು ನೆನೆಯುವುದು ಅದಕ್ಕೇ. ಆದರೆ 'ಕಥಾಮಾಲೆ'ಯಲ್ಲಿ ಯೇಸುವಿನ ಕಥೆ ಹಾಡಿನ ಲಯಕ್ಕೆ ಬಂತು. ವಾದದಿಂದ ಗೆದ್ದದ್ದಕ್ಕಿಂತ ಹಾಡಿ ಒಲಿಸಿಕೊಂಡದ್ದೇ ಹೆಚ್ಚು ದಿನ ಉಳಿಯಿತು.

ಇಷ್ಟಾದರೂ ಎಲ್ಲರಿಗಿಂತ ಹಳೆಯ ಮುದಗಲ್ಲಿನಂಥ ಕಥೋಲಿಕ ಸಭೆಗಳಿಗೆ ಪೂಜೆ ಕನ್ನಡದಲ್ಲಿ ಸಿಕ್ಕಿದ್ದು ಎಲ್ಲರಿಗಿಂತ ತಡವಾಗಿ. ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರಿನಲ್ಲಿ ಆಡುಭಾಷೆಗಳಿಗೆ ದಾರಿ ತೆರೆಯಿತು. ಪಾಪನಿವೇದನೆಯ ಪರಿಷ್ಕೃತ ವಿಧಿ 1973ರ ಕೊನೆಗೆ ರೋಮಿನಿಂದ ಹೊರಬಿತ್ತು. ಈಗ ಕ್ಷಮೆಯ ವಾಕ್ಯವೂ ಕನ್ನಡದ್ದೇ. ದುಂದುಗಾರ ಮಗನ ಕಥೆ ಕಥೋಲಿಕರ ಪಠಣಕ್ರಮದಲ್ಲಿ ಮೂರು ವರ್ಷಕ್ಕೊಮ್ಮೆ ತಪಸ್ಸುಕಾಲದ ನಾಲ್ಕನೇ ಭಾನುವಾರಕ್ಕೆ ಬರುತ್ತದೆ. 2025ರಲ್ಲಿ ಆ ಸರದಿ ಮಾರ್ಚ್ 30ಕ್ಕೆ ಬಿದ್ದಿತ್ತು, ಮುಂದಿನದು 2028ರಲ್ಲಿ.