ಮೊದಲ ಕೀಮೋಗೆ ಮುಂಚೆ ಕೇಳಬೇಕಾದ ಮಾತು
(ಕ್ಯಾನ್ಸರ್ ಚಿಕಿತ್ಸೆ ಪಡೆಯಲಿರುವ ಪುರುಷರಿಗೆ ಮತ್ತು ಅವರ ಮನೆಯವರಿಗೆ)



"ಸಿಸ್ಟರ್, ನನಗ ಮುಂದ ಮಕ್ಕಳಾಗ್ತಾವೇನ್ರಿ?" ಯುವಕರು ಈ ಪ್ರಶ್ನೆಯನ್ನು ಹೆಚ್ಚಾಗಿ ಕೇಳುವುದು ಕೀಮೋ ಎರಡು ಮೂರು ಸುತ್ತು ಮುಗಿದ ಮೇಲೆ. ಕೇಳಬೇಕಾದದ್ದು ಮೊದಲ ಸುತ್ತಿಗಿಂತ ಮುಂಚೆ. ಅದಕ್ಕಾಗಿಯೇ ಈ ಮಾಹಿತಿ.

ಚಿಕಿತ್ಸೆಯಿಂದ ಏನಾಗುತ್ತದೆ?
ಕೀಮೋ ಔಷಧಿಗಳು ವೇಗವಾಗಿ ಬೆಳೆಯುವ ಜೀವಕೋಶಗಳನ್ನು ನಾಶ ಮಾಡುತ್ತವೆ. ಕೂದಲು ಉದುರುವುದು ಇದೇ ಕಾರಣಕ್ಕೆ. ವೃಷಣಗಳಲ್ಲಿ ವೀರ್ಯಾಣು ತಯಾರಿಸುವ ಜೀವಕೋಶಗಳಿಗೂ ಇದರಿಂದ ಪೆಟ್ಟು ಬೀಳುತ್ತದೆ. ಕೆಳಹೊಟ್ಟೆಯ ಭಾಗಕ್ಕೆ ಕರೆಂಟ್ (ರೇಡಿಯೇಷನ್) ಕೊಟ್ಟಾಗಲೂ ಹೀಗಾಗಬಹುದು. ಕೆಲವರಿಗೆ ಒಂದೆರಡು ವರ್ಷಗಳಲ್ಲಿ ಸರಿಹೋಗುತ್ತದೆ. ಕೆಲವರಿಗೆ ಸರಿಹೋಗುವುದೇ ಇಲ್ಲ. ಯಾರಿಗೆ ಹೇಗೆಂದು ಮೊದಲೇ ಖಚಿತವಾಗಿ ಹೇಳಲು ಬರುವುದಿಲ್ಲ.

ಉಪಾಯವೇನು?
ಚಿಕಿತ್ಸೆಗೆ ಮುಂಚೆ ವೀರ್ಯವನ್ನು ವೀರ್ಯ ಬ್ಯಾಂಕಿನಲ್ಲಿ ಕಾಯ್ದಿಡಬಹುದು. ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿ ಚಳಿಯಲ್ಲಿ ಅದನ್ನು ಇಡುತ್ತಾರೆ. 20 ವರ್ಷಕ್ಕೂ ಹೆಚ್ಚು ಕಾಲ ಹೀಗಿಟ್ಟ ವೀರ್ಯದಿಂದ ಆರೋಗ್ಯವಂತ ಮಕ್ಕಳು ಹುಟ್ಟಿದ್ದಾರೆ. ವೀರ್ಯಾಣು ಕಡಿಮೆಯಿದ್ದರೂ ನಿರಾಶರಾಗಬೇಡಿ. ಒಂದೇ ವೀರ್ಯಾಣುವನ್ನು ಅಂಡಾಣುವಿನೊಳಗೆ ಸೇರಿಸುವ 'ಇಕ್ಸಿ' ವಿಧಾನದಿಂದ 1992ರಿಂದಲೇ ಮಕ್ಕಳಾಗುತ್ತಿವೆ.

ಮಾಡಬೇಕಾದದ್ದು
1. ಮೊದಲು ನಿಮ್ಮ ಕ್ಯಾನ್ಸರ್ ವೈದ್ಯರನ್ನು ಕೇಳಿ. ಹೆಚ್ಚಿನವರಿಗೆ ಕೆಲವೇ ದಿನಗಳ ಕೆಲಸವಿದು. ಆದರೆ ಕೆಲವು ರಕ್ತ ಕ್ಯಾನ್ಸರ್‌ಗಳಲ್ಲಿ ಚಿಕಿತ್ಸೆ ಮುಂದೂಡುವಂತಿಲ್ಲ. ವೈದ್ಯರ ಮಾತೇ ಕೊನೆ.
2. ಎಚ್‌ಐವಿ, ಹೆಪಟೈಟಿಸ್ ಮುಂತಾದ ರಕ್ತ ಪರೀಕ್ಷೆಗಳಿರುತ್ತವೆ.
3. ಬಾಗಿಲು ಹಾಕಿದ ಕೋಣೆಯಲ್ಲಿ ನೀವೇ ಹಸ್ತಮೈಥುನದಿಂದ ಡಬ್ಬಿಯಲ್ಲಿ ವೀರ್ಯ ಸಂಗ್ರಹಿಸಬೇಕು. ಸೋಪು, ಎಣ್ಣೆ, ಎಂಜಲು ತಾಗಬಾರದು.
4. ಎರಡು ಮೂರು ದಿನಗಳ ಅಂತರದಲ್ಲಿ ಎರಡು ಮೂರು ಸಲ ಕೊಟ್ಟರೆ ಒಳ್ಳೆಯದು. ಸಮಯವಿಲ್ಲದಿದ್ದರೆ ಒಂದೇ ಸಲ ಕೊಟ್ಟರೂ ಪ್ರಯೋಜನವಿದೆ.
5. 2021ರ ಕೇಂದ್ರ ಕಾನೂನಿನಂತೆ ನೋಂದಾಯಿತ ಕೇಂದ್ರದಲ್ಲಿಯೇ ಇಡಿಸಿ. ನಿಮಗೆ ಏನಾದರೂ ಆದರೆ ವೀರ್ಯವನ್ನು ಏನು ಮಾಡಬೇಕೆಂದು ಬರೆಸಿಕೊಳ್ಳುತ್ತಾರೆ. ಎಲ್ಲರನ್ನೂ ಕೇಳುವ ಪ್ರಶ್ನೆಯದು, ಗಾಬರಿ ಬೇಡ.
6. ಆರಂಭದ ಖರ್ಚಿನ ಜೊತೆಗೆ ವರ್ಷವರ್ಷ ಕಟ್ಟಬೇಕಾದ ಹಣವೆಷ್ಟು ಎಂದೂ ಕೇಳಿ ತಿಳಿಯಿರಿ.

ಸಂದೇಹಗಳು
ಇದರಿಂದ ಗಂಡಸುತನ ಕುಗ್ಗುವುದಿಲ್ಲ, ನಿಶ್ಶಕ್ತಿಯೂ ಬರುವುದಿಲ್ಲ. ಕ್ಯಾನ್ಸರ್ ಅಂಟುರೋಗವಲ್ಲ, ಕಾಯ್ದಿಟ್ಟ ವೀರ್ಯದಿಂದ ಅದು ಹೆಂಡತಿಗೆ ಅಂಟುವುದಿಲ್ಲ. ನಿಮ್ಮ ಮನೆತನದಲ್ಲಿ ಹಲವರಿಗೆ ಕ್ಯಾನ್ಸರ್ ಬಂದಿದ್ದರೆ ಮಾತ್ರ ವೈದ್ಯರಿಗೆ ತಿಳಿಸಿ. ಚಿಕಿತ್ಸೆ ನಡೆದಿರುವಾಗ ಗರ್ಭ ನಿಲ್ಲದಂತೆ ನಿರೋಧ್ ಬಳಸಿ. ವೀರ್ಯಾಣು ಕಡಿಮೆಯಾಗಿದೆಯೆಂದು ಅಲಕ್ಷ್ಯ ಮಾಡಬೇಡಿ.

ಮನೆಯವರಿಗೆ ಒಂದು ಮಾತು
ಮದುವೆಯಾಗದ ಹುಡುಗ ಅಪ್ಪ ಅವ್ವನ ಎದುರು ಈ ಮಾತು ಎತ್ತಲಾರ. ಮೀಸೆ ಚಿಗುರಿದ, ಪ್ರಾಯಕ್ಕೆ ಬಂದ ಹುಡುಗರೂ ವೀರ್ಯ ಕಾಯ್ದಿಡಬಹುದು. ನೀವು ಐದು ನಿಮಿಷ ಹೊರಗೆ ಕುಳಿತು, ಅವನು ವೈದ್ಯರೊಡನೆ ಒಬ್ಬನೇ ಮಾತಾಡಲಿ. "ಮೊದಲು ಜೀವ ಉಳಿಯಲಿ" ಎನ್ನುತ್ತೀರಿ. ಸತ್ಯವೇ. ಆದರೆ ಜೀವ ಉಳಿದು ಮನೆಗೆ ಮರಳಿದ ಮೇಲೆ ಅವನು ಸಂಸಾರ ಮಾಡಬೇಕಲ್ಲವೇ?

ರೋಗ ಬಂದದ್ದು ನಾಚಿಕೆಯಲ್ಲ, ಇದನ್ನು ಕೇಳುವುದೂ ನಾಚಿಕೆಯಲ್ಲ. ನಮ್ಮೊಡನೆ ಮಾತಾಡಲು ಸಂಕೋಚವಾದರೆ ಪುರುಷ ಸಿಬ್ಬಂದಿಯನ್ನು ಕರೆಯಿರಿ ಎನ್ನಿ. ಇಲ್ಲವೇ ಈ ಹಾಳೆಯನ್ನು ವೈದ್ಯರ ಮುಂದಿಡಿ. ಅಷ್ಟು ಸಾಕು.