2003: ಅಕ್ಷರವರಿಯದ ಕಂಠಕ್ಕೆ 'ನಾಡೋಜ' ಸಂದ ವರ್ಷ

ಮೆಟ್ರಿ (ಕಂಪ್ಲಿ ತಾಲ್ಲೂಕು): ಹಂಪಿಯ ಕನ್ನಡ ವಿಶ್ವವಿದ್ಯಾಲಯ ತನ್ನ ಅತ್ಯುನ್ನತ ಗೌರವವನ್ನು 'ನಾಡೋಜ' ಎಂಬ ಹೆಸರಿನಲ್ಲಿ ನೀಡುತ್ತದೆ. ಇದು ಆದಿಕವಿ ಪಂಪನೊಂದಿಗೆ ಬೆಸೆದುಕೊಂಡಿರುವ ಹೆಸರು. 2003ರಲ್ಲಿ ಈ ಗೌರವ ಪಡೆದವರಲ್ಲಿ ಓದು ಬರಹ ಬಾರದ, ತಂಬೂರಿ ಹಿಡಿದು ಊರೂರು ತಿರುಗಿ ಹಾಡಿದ ಒಬ್ಬ ವೃದ್ಧೆಯೂ ಇದ್ದರು. ಮೆಟ್ರಿಯಿಂದ ಅನತಿ ದೂರದಲ್ಲಿರುವ ಸಂಡೂರು ತಾಲ್ಲೂಕಿನ ದರೋಜಿಯ ಆ ಗಾಯಕಿಯೇ ಬುರ್ರಕಥಾ ಈರಮ್ಮ.

ಕರಡಿಧಾಮದಿಂದಾಗಿ ಇಂದು ಪ್ರವಾಸಿಗರಿಗೆ ಪರಿಚಿತವಾಗಿರುವ ದರೋಜಿಯನ್ನು ಜಾನಪದ ಆಸಕ್ತರು ಬಲ್ಲದ್ದು ಈರಮ್ಮನವರ ಹೆಸರಿನಿಂದ. 1930ರಲ್ಲಿ ಜನಿಸಿದ ಅವರು ಪರಿಶಿಷ್ಟ ಜಾತಿಗೆ ಸೇರಿದ ಅರೆ ಅಲೆಮಾರಿ ಬುಡ್ಗ ಜಂಗಮ ಸಮುದಾಯದವರು. ಕಥೆ ಹಾಡಿ ದವಸ ಧಾನ್ಯ ಪಡೆಯುವುದು ಈ ಸಮುದಾಯದ ಪರಂಪರಾಗತ ವೃತ್ತಿ. ಈರಮ್ಮನವರು ತಂದೆಯಿಂದ ಕಾವ್ಯಗಳನ್ನು ಕೇಳಿ ಕಲಿತರು. ಪುಸ್ತಕವಿರಲಿಲ್ಲ, ಪಾಠದ ವೇಳೆಯೆಂಬುದೂ ಇರಲಿಲ್ಲ; ಹಾಡುವವರ ಪಕ್ಕದಲ್ಲಿ ಕುಳಿತು ದನಿಗೂಡಿಸುವುದೇ ಶಿಕ್ಷಣ.

ಬುರ್ರಕಥೆಯ ಮೂಲ ನೆಲೆ ತೆಲುಗು ಸೀಮೆ. ಅಲ್ಲಿ ಮೊದಲು ಜಂಗಮ ಕಥೆ ಎನಿಸಿಕೊಂಡಿದ್ದ ಈ ಪ್ರಕಾರವನ್ನು 1940ರ ದಶಕದಲ್ಲಿ ಪ್ರಜಾನಾಟ್ಯ ಮಂಡಳಿಯ ಕಲಾವಿದರು ರಾಜಕೀಯ ವೇದಿಕೆಗೆ ತಂದರು. ಶೇಖ್ ನಾಜರ್ ಅವರಂಥವರು ಅದಕ್ಕೆ ಆಧುನಿಕ ರೂಪವಿತ್ತರು. ಬಳ್ಳಾರಿ ಸೀಮೆ 1953ರವರೆಗೆ ಮದ್ರಾಸ್ ಆಡಳಿತದಲ್ಲಿತ್ತು. ಎರಡು ನುಡಿಗಳು ಒಂದೇ ಅಂಗಳದಲ್ಲಿ ಬೆಳೆದ ನಾಡಿದು. ಹೀಗಾಗಿ ತೆಲುಗಿನಿಂದ ಬಂದ ಕಲೆ ಇಲ್ಲಿ ಕನ್ನಡದ ಕಥೆಗಳನ್ನು ತನ್ನದಾಗಿಸಿಕೊಂಡಿದ್ದು ಆಶ್ಚರ್ಯವಲ್ಲ.

ಕಥನದ ವಿಧಾನ ಸರಳವಾಗಿ ಕಂಡರೂ ಶ್ರಮದ್ದು. ಮುಖ್ಯ ಗಾಯಕಿ ತಂಬೂರಿ ಮೀಟುತ್ತಾ ಕಥೆ ನಡೆಸುತ್ತಾಳೆ. ಇಬ್ಬರು ಹಿಮ್ಮೇಳದವರು ಚಿಕ್ಕ ಚರ್ಮವಾದ್ಯ ನುಡಿಸುತ್ತಾ ಸಾಲಿನ ಕೊನೆಯನ್ನೆತ್ತಿ ಹಾಡುತ್ತಾರೆ. ಆ ಕ್ಷಣದ ಬಿಡುವಿನಲ್ಲಿಯೇ ಮುಂದಿನ ಸಾಲು ಆಕೆಯ ನಾಲಿಗೆಗೆ ಬರಬೇಕು. ಪದ್ಯ ನಿಂತಲ್ಲಿ ವಚನ, ವಚನ ಬಳಲಿದಲ್ಲಿ ಪದ್ಯ. ಕೇಳುಗರು ತೂಕಡಿಸಿದರೆ ಕಥೆ ಕುಗ್ಗುತ್ತದೆ, ಎಚ್ಚರಗೊಂಡರೆ ಹಿಗ್ಗುತ್ತದೆ. ಈರಮ್ಮನವರ ಮೇಳದಲ್ಲಿ ಹಿಮ್ಮೇಳಕ್ಕೂ ಅವರ ಕುಟುಂಬದ ಸ್ತ್ರೀಯರೇ ಇದ್ದುದು ಗಮನಾರ್ಹ.

ಈರಮ್ಮನವರ ನೆನಪಿನಲ್ಲಿ 12 ಮಹಾಕಾವ್ಯಗಳಿದ್ದವು. ಅವನ್ನೆಲ್ಲ ಅಚ್ಚು ಮಾಡಿದರೆ 7,000 ಪುಟಗಳಾಗುತ್ತವೆ ಎಂದು ಪತ್ರಿಕೆಗಳು ವರದಿ ಮಾಡಿದ್ದವು. ಬಬ್ಬುಲಿ ನಾಗಿರೆಡ್ಡಿ, ಬಾಲನಾಗಮ್ಮ, ಜೈಸಿಂಗರಾಜ ಮೊದಲಾದವು ಅವುಗಳಲ್ಲಿ ಸೇರಿವೆ. ಆದರೆ ಈ ನೆಲಕ್ಕೆ ಅತ್ಯಂತ ಹತ್ತಿರದ್ದು ಕುಮಾರರಾಮನ ಕಥೆ.

ಕುಮಾರರಾಮ ಕಂಪಿಲಿಯ ಅರಸ ಕಂಪಿಲರಾಯನ ಮಗ. ದೆಹಲಿಯ ಮಹಮದ್ ಬಿನ್ ತುಘಲಕ್‌ನ ವಿರುದ್ಧ ಬಂಡೆದ್ದ ಬಹಾವುದ್ದೀನ್ ಗುರ್ಷಾಸ್ಪ್‌ಗೆ ಆಶ್ರಯ ನೀಡಿದ ಕಾರಣ ಸುಲ್ತಾನನ ಸೇನೆ ದಂಡೆತ್ತಿ ಬಂತು. 1327ರ ಸುಮಾರಿಗೆ ರಾಜ್ಯ ನಾಶವಾಯಿತು. ನಂಜುಂಡ ಕವಿ 16ನೇ ಶತಮಾನದಲ್ಲಿ ಈ ಕಥೆಯನ್ನು ಸಾಂಗತ್ಯದಲ್ಲಿ ಬರೆದ. ಪರನಾರಿ ಸೋದರನೆಂದು ಹೆಸರಾದ ರಾಜಕುಮಾರ, ಅವನನ್ನು ಮೋಹಿಸಿದ ಮಲತಾಯಿ ರತ್ನಾಜಿ ಇವರು ಗ್ರಂಥದಲ್ಲಿಯೂ ಇದ್ದಾರೆ, ಜನರ ಬಾಯಲ್ಲಿಯೂ ಇದ್ದಾರೆ. ಕಂಪ್ಲಿ, ಸಂಡೂರಿನ ಜನರಿಗೆ ಕಥೆಯ ಕೋಟೆ ಕೊತ್ತಲಗಳು ಕಣ್ಣಳತೆಯ ಬೆಟ್ಟಗಳೇ ಆಗಿವೆ. ರಾತ್ರಿಯಿಡೀ ಕೇಳಿದ ಕಥೆಯ ಊರಿನಲ್ಲಿ ಬೆಳಗಾದರೆ ಉಳುಮೆ ಮಾಡುವ ಶ್ರೋತೃಗಳು ಬೇರೆಡೆ ಸಿಗುವುದು ದುರ್ಲಭ.

ಈರಮ್ಮನವರಿಗೆ 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2012ರಲ್ಲಿ ರಾಜ್ಯ ಸರ್ಕಾರದ ಜಾನಪದಶ್ರೀ ಪ್ರಶಸ್ತಿ ಸಂದವು. ಇವುಗಳ ನಡುವೆ ಬಂದ 2003ರ ಗೌರವದ ಮಹತ್ವ ಬೇರೆ. ಉಳಿದೆರಡು ಕಲಾವಿದೆಗೆ ಸಂದ ಸನ್ಮಾನಗಳು. 'ನಾಡೋಜ' ವಿಶ್ವವಿದ್ಯಾಲಯವೊಂದು ವಿದ್ವತ್ತಿಗೆ ನೀಡುವ ಪದವಿ. ಹಾಡುಗಾರ್ತಿಯ ನೆನಪೂ ಒಂದು ವಿದ್ವತ್ತೇ ಎಂಬುದನ್ನು ಕನ್ನಡದ ಉನ್ನತ ಶಿಕ್ಷಣ ಸಂಸ್ಥೆಯೊಂದು ಅಧಿಕೃತವಾಗಿ ಒಪ್ಪಿಕೊಂಡಂತಾಯಿತು. 1991ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾಲಯದ ಮೊದಲ ಕುಲಪತಿ ಜಾನಪದವನ್ನೇ ಉಸಿರಾಡಿದ ಚಂದ್ರಶೇಖರ ಕಂಬಾರರು ಎಂಬುದನ್ನೂ ಇಲ್ಲಿ ನೆನೆಯಬಹುದು.

ಈರಮ್ಮನವರ ಕೆಲವು ಕಾವ್ಯಗಳು ಲಿಪಿಗಿಳಿದು ಪುಸ್ತಕಗಳಾಗಿವೆ. ಅಚ್ಚಿನಲ್ಲಿ ಕಥೆ ಉಳಿಯಿತು, ನಿಜ. ಆದರೆ ಕೇಳುಗರ ಮುಖ ನೋಡಿ ಹಿಗ್ಗುವ, ಕುಗ್ಗುವ ಗುಣ ಪುಟದ ಮೇಲೆ ಬರುವುದಿಲ್ಲ. ಒಂದು ರಾತ್ರಿಯ ಪಾಠವೇ ಸ್ಥಿರ ಪಾಠವಾಗಿಬಿಡುತ್ತದೆ. ಇನ್ನು ವೇದಿಕೆಯ ಸಮಸ್ಯೆ ಬೇರೆಯೇ. ಉತ್ಸವಗಳಲ್ಲಿ ಕಲಾತಂಡಕ್ಕೆ ದೊರೆಯುವ ಕೆಲವೇ ನಿಮಿಷಗಳಲ್ಲಿ ಕುಮಾರರಾಮ ಹುಟ್ಟುವಷ್ಟಕ್ಕೇ ಗಡಿಯಾರ ಮುಗಿದಿರುತ್ತದೆ.

ಮನೆತನದ ಮಕ್ಕಳು ಶಾಲೆಗೆ, ಕೂಲಿಗೆ, ಪಟ್ಟಣಕ್ಕೆ ಹೊರಟಿರುವುದನ್ನು ಕಲೆಯ ನಷ್ಟವೆಂದು ಹಳಿಯುವುದು ಸುಲಭ, ನ್ಯಾಯವಲ್ಲ. ಮನೆ ಬಾಗಿಲಲ್ಲಿ ನಿಂತು ಹಾಡುವುದರಲ್ಲಿ ಕಲೆ ಇದ್ದಷ್ಟೇ ಹಸಿವೂ ಇತ್ತು. ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಬೇಡ ಜಂಗಮ, ಬುಡ್ಗ ಜಂಗಮ ಹೆಸರುಗಳು ಒಟ್ಟಿಗೇ ಇವೆ. ಈ ಪಟ್ಟಿಯಡಿ ಇತರರೂ ಪ್ರಮಾಣಪತ್ರ ಕೇಳಿದ್ದರಿಂದ ಎದ್ದ ವಿವಾದ ರಾಜ್ಯದಲ್ಲಿ ಹಲವು ವರ್ಷಗಳಿಂದ ನಡೆದುಬಂದಿದೆ. ಹಾಡಿನ ವಾರಸುದಾರಿಕೆಗಿಂತ ಜಾತಿ ಪ್ರಮಾಣಪತ್ರದ ವಾರಸುದಾರಿಕೆ ಈ ಕುಟುಂಬಗಳ ಪಾಲಿಗೆ ಹೆಚ್ಚು ತುರ್ತಿನದು.

ಈರಮ್ಮನವರು 2014ರ ಆಗಸ್ಟ್ 12ರಂದು ನಿಧನರಾದರು. 2021ರಲ್ಲಿ ವಿಜಯನಗರ ಪ್ರತ್ಯೇಕ ಜಿಲ್ಲೆಯಾದ ಬಳಿಕ ಹಂಪಿ, ಹೊಸಪೇಟೆಗಳು ಅತ್ತ ಸೇರಿದವು. ಸಂಡೂರು, ಕಂಪ್ಲಿಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದವು. ನಾಡೋಜ ನೀಡಿದ ವಿಶ್ವವಿದ್ಯಾಲಯವಿಂದು ಒಂದು ಜಿಲ್ಲೆಯಲ್ಲಿದ್ದರೆ, ಅದನ್ನು ಪಡೆದ ಗಾಯಕಿಯ ಊರು ಇನ್ನೊಂದು ಜಿಲ್ಲೆಯಲ್ಲಿದೆ.