ಮೆತ್ತಗಿನ ಬೆರಳಿನ ವಾದ: ಗಡಿಭಾಗದ ಮಕ್ಕಳ ಕಲಿಕೆ ಮತ್ತು ಲಿಂಗಭೇದ

ಇಂದಿನ ವಿಷಯ, ಲಿಂಗಭೇದವಿಲ್ಲದೆ ಮಕ್ಕಳನ್ನು ಬೆಳೆಸುವುದು, ಕಲಿಸುವುದು. ನಾರ್ವ, ಮಕ್ತಲ್, ಗದ್ವಾಲ ಭಾಗದ ಎರಡು ಕೆಲಸಗಳ ಮೂಲಕ ಇದನ್ನು ನೋಡೋಣ.

ಮೊದಲನೆಯದು ಹತ್ತಿ ಬೀಜೋತ್ಪಾದನೆ. ಗದ್ವಾಲ ಸೀಮೆ ಇದಕ್ಕೆ ಹೆಸರಾದುದು. ಸಂಕರ ಬೀಜಕ್ಕಾಗಿ ಸಂಜೆ ಮೊಗ್ಗಿನ ಕೇಸರಗಳನ್ನು ಕೈಯಿಂದ ತೆಗೆಯಬೇಕು. ಮರುದಿನ ಬೆಳಿಗ್ಗೆ ಗಂಡು ತಳಿಯ ಹೂವಿನ ಪರಾಗ ಮುಟ್ಟಿಸಬೇಕು. ಈ 'ಕ್ರಾಸಿಂಗ್' ಕೆಲಸಕ್ಕೆ ಬಹುಕಾಲ ಹೆಣ್ಣುಮಕ್ಕಳನ್ನೇ ಹೆಚ್ಚಾಗಿ ಕರೆದರು. ಕಾರಣ ಕೇಳಿದರೆ, "ಅವರ ಬೆರಳು ಮೆತ್ತಗ, ಹೇಳಿದಂಗ ಕೇಳ್ತಾರ" ಅಂತಾರ.

ಎರಡನೆಯದು ಮಗ್ಗ. ಗದ್ವಾಲ, ನಾರಾಯಣಪೇಟೆ ಸೀರೆಗಳಿಗೂ ನಾಜೂಕು ಕೈ ಬೇಕೇ ಬೇಕು. ಆದರೆ ಇಲ್ಲಿ ಸಾಮಾನ್ಯವಾಗಿ ಮಗ್ಗದಲ್ಲಿ ಕೂರುವವನು ಗಂಡಸು. ಕಂಡಿಕೆ ಸುತ್ತುವುದು ಹೆಂಗಸಿನ ಪಾಲು. ಅಸ್ಸಾಮಿನಲ್ಲಿ ನೇಯುವವರು ಬಹುಪಾಲು ಹೆಂಗಸರೇ. ಹಾಗಾದರೆ ಬೆರಳಿನ ವಾದ ಎಲ್ಲಿ ಉಳೀತು? ಕೂಲಿ ಕಡಿಮೆ ಇದ್ದಲ್ಲಿ ಮೆತ್ತಗಿನ ಬೆರಳು ಅರ್ಹತೆ. ಹೆಸರು, ಹಣ ಇದ್ದಲ್ಲಿ ಅದರ ಮಾತೇ ಇಲ್ಲ. ಇದು ದೇಹದ ಗುಣವಲ್ಲ, ಕೆಲಸ ಹಂಚುವ ಪದ್ಧತಿ.

ಇದರ ಬೆಲೆ ತೆರುವುದು ಕಲಿಕೆ. 2011ರ ಜನಗಣತಿಯಲ್ಲಿ ಅಂದಿನ ಮಹಬೂಬನಗರ ಜಿಲ್ಲೆಯ ಪುರುಷ ಸಾಕ್ಷರತೆ ಸುಮಾರು ಶೇ. 65, ಮಹಿಳಾ ಸಾಕ್ಷರತೆ ಸುಮಾರು ಶೇ. 45. ನಾರ್ವ ಆಗ ಇದೇ ಜಿಲ್ಲೆಯಲ್ಲಿತ್ತು. ನಾರಾಯಣಪೇಟೆ ಜಿಲ್ಲೆಯಾದದ್ದು 2019ರಲ್ಲಿ. ಅಂತರಕ್ಕೆ ಬಡತನ, ವಲಸೆ, ಬಾಲ್ಯವಿವಾಹವೂ ಕಾರಣ ಇರಬಹುದು. ಆದರೆ ಬಡತನ ಒಂದೇ ಆಗಿದ್ದರೆ ಒಂದೇ ಮನೆಯ ಅಣ್ಣ ಶಾಲೆಗೆ, ತಂಗಿ ಹೊಲಕ್ಕೆ ಯಾಕ ಹೋಗಬೇಕು?

ಕಾನೂನಿನಲ್ಲೂ ಒಂದು ಸಂದು ಇದೆ. 2016ರ ತಿದ್ದುಪಡಿ 14 ವರ್ಷದೊಳಗಿನವರ ದುಡಿಮೆಯನ್ನು ನಿಷೇಧಿಸಿತು. ಆದರೆ ಶಾಲೆಯ ವೇಳೆಯ ನಂತರ, ರಜೆಯಲ್ಲಿ ಕುಟುಂಬಕ್ಕೆ ನೆರವಾಗಲು ಬಿಟ್ಟಿತು. ಕೇಳಲು ಸರಿ ಅನಿಸುತ್ತದೆ. ಆದರೆ 'ಮನೆಗೆ ನೆರವು' ಅಂದ ಕೂಡಲೇ ನೆನಪಾಗುವುದು ಮಗಳೇ. ಅವಳ ಓದುವ ಹೊತ್ತು ಕಾಣದಂತೆ ಕರಗುತ್ತದೆ.

ಶಾಲೆ ಏನು ಮಾಡಬಹುದು? ಕಸ ಗುಡಿಸುವುದು, ಬೆಂಚು ಎತ್ತುವುದು, ಗಂಟೆ ಹೊಡೆಯುವುದನ್ನು ಹಾಜರಿ ಕ್ರಮದಲ್ಲಿ ಹಂಚಬಹುದು. ಮುಂಜಾನೆಯಿಂದ ರಾತ್ರಿವರೆಗೆ ತಾವು ಮಾಡಿದ ಕೆಲಸವನ್ನು ಎಲ್ಲ ಮಕ್ಕಳೂ ಬರೆದು, ಗಂಟೆ ಲೆಕ್ಕ ಹಾಕಲಿ. ಗಣಿತವೂ ಆಯಿತು, ಮಾತಿಗೆ ದಾರಿಯೂ ಆಯಿತು. ಪರಾಗಸ್ಪರ್ಶದ ಪಾಠದಲ್ಲಿ ಹತ್ತಿ ಹೂವನ್ನೇ ತೆಗೆದುಕೊಂಡರೆ, ಕೈಗೆ ಗೊತ್ತಿದ್ದ ಕೆಲಸ ಹುಡುಗಿಯ ಪಾಲಿಗೆ ಸಸ್ಯಶಾಸ್ತ್ರವಾಗುತ್ತದೆ. ಹುಡುಗರಿಗೂ ಇದು ಬೇಕು: ರೊಟ್ಟಿ ಬಡಿಯಲು, ತಮ್ಮನನ್ನು ಎತ್ತಿಕೊಳ್ಳಲು, ಅಳಲು ಅವರಿಗೂ ಅವಕಾಶ ಸಿಗಲಿ.

ಕನ್ನಡದಲ್ಲಿ ನಾವು 'ಮಗು ಬಂದನು' ಅನ್ನುವುದಿಲ್ಲ, 'ಬಂದಳು' ಅನ್ನುವುದಿಲ್ಲ. 'ಮಗು ಬಂತು' ಅಂತೀವಿ. ವ್ಯಾಕರಣ ಕೊಟ್ಟ ಆ ಬಿಡುವನ್ನು ಮನೆ, ಶಾಲೆ ಇನ್ನೊಂದಿಷ್ಟು ವರ್ಷ ಉಳಿಸಿಕೊಡಬೇಕು. ಈಗ ಪ್ರಶ್ನೆಗಳಿದ್ದರೆ ಕೇಳ್ರಿ.